ಅಪ್ಪ ಅಮ್ಮನ ಜೊತೆ ಮೊದಲ ಸಲ ಪ್ರಾಗ್‌ಗೆ ಹೋಗ್ತಿದ್ದೇವೆ, ಮೂರು ದಿನದಲ್ಲಿ ಏನೇನು ನೋಡಬಹುದು?

ಮೇ ಮೊದಲ ವಾರ, ಮೂರು ದಿನ, ಅರವತ್ತು ದಾಟಿದ ಅಪ್ಪ ಅಮ್ಮ, ಮೂವರೂ ಸಸ್ಯಾಹಾರಿಗಳು, ಬಸ್ ಟೂರ್ ಬೇಡ ಅಂತ ಬರೆದಿದ್ದೀರಿ. ನಾನು ಕೆಲಸದ ಮೇಲೆ ಎರಡು ವರ್ಷ ಚೆಕ್ ದೇಶದ ಈ ರಾಜಧಾನಿಯಲ್ಲೇ ಇದ್ದೆ. ಆಗ ನಮ್ಮ ಅಪ್ಪ ಅಮ್ಮ ಮೈಸೂರಿನಿಂದ ಬಂದು ನನ್ನ ಜೊತೆ ಇದ್ದು ಹೋದರು. ಅದೂ ಮೇ ತಿಂಗಳಲ್ಲೇ. ಅವರ ಜೊತೆ ತಿರುಗಾಡಿದ್ದನ್ನು ನೆನೆಸಿಕೊಂಡೇ ಇದನ್ನು ಬರೀತಿದ್ದೇನೆ.

ಮೊದಲು ಒಂದು ಮಾತು. ಪ್ರಾಗ್‌ನಲ್ಲಿ ಎಲ್ಲಿಗೆ ಹೋಗ್ತೀರಿ ಅನ್ನೋದಕ್ಕಿಂತ ಎಷ್ಟು ಹೊತ್ತಿಗೆ ಹೋಗ್ತೀರಿ ಅನ್ನೋದು ಮುಖ್ಯ. ಬೆಳಿಗ್ಗೆ ಹತ್ತರ ಮೇಲೆ ಹಳೆಪೇಟೆಯಲ್ಲಿ ದಸರಾ ಸಮಯದ ಮೈಸೂರಿನ ಹಾಗೆ ಜನ. ಅದೇ ಜಾಗ ಬೆಳಿಗ್ಗೆ ಆರಕ್ಕೆ ಖಾಲಿ. ಹಾಲಿನ ಗಾಡಿ, ಕಸ ಗುಡಿಸುವವರು, ನಾಯಿ ಹಿಡಿದುಕೊಂಡು ಬಂದ ಒಬ್ಬರೋ ಇಬ್ಬರೋ, ಅಷ್ಟೇ. ನಿಮಗೆ ಒಂದು ಅನುಕೂಲವೂ ಇದೆ. ಮೇ ತಿಂಗಳಲ್ಲಿ ಅಲ್ಲಿಗೂ ನಮಗೂ ಮೂರೂವರೆ ಗಂಟೆ ವ್ಯತ್ಯಾಸ. ನಮ್ಮಲ್ಲಿ ಎಂಟು ಗಂಟೆ ಆದಾಗ ಅಲ್ಲಿ ಇನ್ನೂ ನಾಲ್ಕೂವರೆ. ಅಪ್ಪ ಅಮ್ಮನಿಗೆ ಹೇಗೂ ನಸುಕಿನಲ್ಲೇ ಎಚ್ಚರ ಆಗಿರುತ್ತದೆ. ಅವರನ್ನು ಮತ್ತೆ ಮಲಗಿ ಅನ್ನಬೇಡಿ. ಒಂದು ಲೋಟ ಕಾಫಿ ಕೊಟ್ಟು ಹೊರಡಿಸಿ. ಐದೂವರೆ ಹೊತ್ತಿಗೆ ಸೂರ್ಯ ಬಂದುಬಿಟ್ಟಿರುತ್ತಾನೆ. ಚಳಿ ಇರುತ್ತದೆ, ಸ್ವೆಟರ್ ಬೇಕು.

ಮೊದಲ ದಿನ ಬೆಳಿಗ್ಗೆ ಚಾರ್ಲ್ಸ್ ಸೇತುವೆ. ಹಳೆಪೇಟೆ ಕಡೆಯಿಂದ ಶುರು ಮಾಡಿ. ಆಗ ಸೂರ್ಯ ನಿಮ್ಮ ಬೆನ್ನ ಹಿಂದೆ ಹುಟ್ಟಿ, ಎದುರು ಗುಡ್ಡದ ಮೇಲಿರುವ ಅರಮನೆಗೆ ಬಿಸಿಲು ಬೀಳುತ್ತದೆ. ಸೇತುವೆಯ ಕೆಲಸ ಶುರುವಾಗಿದ್ದು 1357ರಲ್ಲಿ, ನಾಲ್ಕನೇ ಚಾರ್ಲ್ಸ್ ದೊರೆಯ ಕಾಲದಲ್ಲಿ. 500 ಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದ, 16 ಕಮಾನು, ಎರಡೂ ಬದಿ ಸೇರಿ 30 ವಿಗ್ರಹಗಳು. ಗಾರೆ ಗಟ್ಟಿಯಾಗಲಿ ಅಂತ ಊರೂರಿನಿಂದ ಮೊಟ್ಟೆ ತರಿಸಿ ಬೆರೆಸಿದರಂತೆ. ಒಂದು ಊರಿನವರು ದಾರಿಯಲ್ಲಿ ಒಡೆದುಹೋದಾವು ಅಂತ ಮೊಟ್ಟೆ ಬೇಯಿಸಿ ಕಳಿಸಿದರಂತೆ! ಇದು ಅಲ್ಲಿನ ದಂತಕಥೆ. ನಮ್ಮಲ್ಲೂ ಹಳೇ ಕಟ್ಟಡಗಳ ಗಾರೆಗೆ ಬೆಲ್ಲ, ಮೊಟ್ಟೆ ಹಾಕುತ್ತಿದ್ದರು ಅಂತ ಹಿರಿಯರು ಹೇಳುವುದನ್ನು ಕೇಳಿದ್ದೇವೆ ಅಲ್ವಾ. ನಮ್ಮ ಅಮ್ಮ ಈ ಕಥೆ ಕೇಳಿ ಆ ಕಲ್ಲನ್ನು ಕೈಯಿಂದ ಸವರಿ ನೋಡಿದರು.

ವಿಗ್ರಹಗಳಲ್ಲಿ ಎಲ್ಲವನ್ನೂ ನೋಡುತ್ತಾ ನಿಲ್ಲಬೇಕಿಲ್ಲ. ಜಾನ್ ನೆಪೊಮುಕ್ ಎಂಬ ಪಾದ್ರಿಯ ಕಂಚಿನ ವಿಗ್ರಹದ ಹತ್ತಿರ ಮಾತ್ರ ನಿಲ್ಲಿ. 1683ರದು, ಅಲ್ಲಿರುವುದರಲ್ಲೇ ಹಳೆಯದು. 1393ರಲ್ಲಿ ಅವರನ್ನು ಈ ಸೇತುವೆಯಿಂದ ನದಿಗೆ ಎಸೆದರು. ರಾಣಿ ಗುಟ್ಟಾಗಿ ಹೇಳಿಕೊಂಡಿದ್ದನ್ನು ರಾಜ ಕೇಳಿದರೂ ಅವರು ಬಾಯಿ ಬಿಡಲಿಲ್ಲ ಅನ್ನೋದು ಜನ ಹೇಳುವ ಕಥೆ. ವಿಗ್ರಹದ ಕೆಳಗಿನ ಕಂಚಿನ ಫಲಕ ಕಪ್ಪಾಗಿದೆ. ಆದರೆ ಜನ ಮುಟ್ಟಿ ಮುಟ್ಟಿ ಒಂದೆರಡು ಕಡೆ ಮಾತ್ರ ಚಿನ್ನದ ಹಾಗೆ ಹೊಳೆಯುತ್ತದೆ. ನಮ್ಮ ದೇವಸ್ಥಾನದ ಹೊಸ್ತಿಲು ಸವೆದು ನುಣುಪಾಗಿರುತ್ತದಲ್ಲ, ಹಾಗೆ.

ಅಲ್ಲಿಂದ ವಾಪಸ್ ಹಳೆಪೇಟೆ ಚೌಕಕ್ಕೆ ಬನ್ನಿ. ಅಲ್ಲಿನ ಟೌನ್ ಹಾಲ್ ಗೋಡೆಯ ಮೇಲೆ 1410ರ ಖಗೋಳ ಗಡಿಯಾರ ಇದೆ. ಬೆಳಿಗ್ಗೆ ಒಂಬತ್ತರಿಂದ ಪ್ರತಿ ಗಂಟೆಗೆ ಮೇಲಿನ ಕಿಟಕಿಗಳಲ್ಲಿ ಏಸುವಿನ ಹನ್ನೆರಡು ಶಿಷ್ಯರ ಗೊಂಬೆಗಳು ಬಂದು ಹೋಗುತ್ತವೆ, ಅಸ್ಥಿಪಂಜರ ಗಂಟೆ ಬಾರಿಸುತ್ತದೆ, ಕೊನೆಗೆ ಕೋಳಿ ಕೂಗುತ್ತದೆ. ಒಂದು ನಿಮಿಷದೊಳಗೆ ಮುಗೀತು. ಎಲ್ಲರೂ ಅದನ್ನು ಫೋನಿನಲ್ಲಿ ಹಿಡಿದು ಹೊರಟುಹೋಗುತ್ತಾರೆ. ಆ ನೂಕುನುಗ್ಗಲಲ್ಲಿ ಜೇಬು, ಪರ್ಸ್ ಹುಷಾರು.

ನಿಜವಾಗಿ ನೋಡಬೇಕಾದ್ದು ಗೊಂಬೆಗಳನ್ನಲ್ಲ, ಗಡಿಯಾರದ ಮುಖವನ್ನು. ಅದಕ್ಕೇ ಒಂಬತ್ತಕ್ಕಿಂತ ಮುಂಚೆ ಹೋಗಿ ಅನ್ನುವುದು. ನಮ್ಮ ಅಪ್ಪ ದಿನಾ ಬೆಳಿಗ್ಗೆ ಪಂಚಾಂಗ ನೋಡುವವರು. ಏಳು ಗಂಟೆಗೆ ಆ ಗಡಿಯಾರದ ಮುಂದೆ ನಿಂತು ಐದು ನಿಮಿಷ ಸುಮ್ಮನಿದ್ದರು. ಆಮೇಲೆ "ಇದು ಗೋಡೆಗೆ ಹಾಕಿದ ಪಂಚಾಂಗ ಕಣೋ" ಅಂದರು. ಮಾತು ಸರಿಯಾಗಿತ್ತು. ಅದರಲ್ಲಿ ಹನ್ನೆರಡು ರಾಶಿಗಳ ಒಂದು ಬಳೆ ಇದೆ. ಮೇಷದ ಟಗರು, ವೃಷಭದ ಗೂಳಿ, ಮೀನ, ಎಲ್ಲದಕ್ಕೂ ಗುರುತು. ಒಂದು ಮುಳ್ಳಿನಲ್ಲಿ ಚಿನ್ನದ ಸೂರ್ಯ, ಇನ್ನೊಂದರಲ್ಲಿ ಚಂದ್ರ. ಸೂರ್ಯ ಯಾವ ರಾಶಿಯಲ್ಲಿದ್ದಾನೆ, ಚಂದ್ರ ಎಲ್ಲಿದ್ದಾನೆ ಅಂತ ನೇರವಾಗಿ ಓದಬಹುದು. ಚಂದ್ರನ ಉಂಡೆ ಅರ್ಧ ಬೆಳ್ಳಿ, ಅರ್ಧ ಕಪ್ಪು. ಶುಕ್ಲಪಕ್ಷ ಕೃಷ್ಣಪಕ್ಷಕ್ಕೆ ತಕ್ಕಂತೆ ತಾನೇ ತಿರುಗುತ್ತದೆ.

ಅಪ್ಪನಿಗೆ ಒಂದು ಅನುಮಾನ ಬಂತು. ಪಂಚಾಂಗದ ಪ್ರಕಾರ ಆ ದಿನ ಸೂರ್ಯ ಮೇಷದಲ್ಲಿರಬೇಕು. ಗಡಿಯಾರದಲ್ಲಿ ನೋಡಿದರೆ ವೃಷಭದಲ್ಲಿದ್ದಾನೆ. "ತಪ್ಪು ತೋರಿಸ್ತಿದೆ ಇದು" ಅಂದರು. ತಪ್ಪಲ್ಲ. ಅವರದು ವಸಂತದಲ್ಲಿ ಹಗಲು ರಾತ್ರಿ ಸಮ ಆಗುವ ದಿನದಿಂದ ರಾಶಿ ಎಣಿಸುವ ಲೆಕ್ಕ. ನಮ್ಮದು ನಕ್ಷತ್ರ ನೋಡಿ ಎಣಿಸುವ ಲೆಕ್ಕ. ಎರಡಕ್ಕೂ ಈಗ ಸುಮಾರು 24 ಡಿಗ್ರಿ ಅಂತರ. ಅದೇ ಅಯನಾಂಶ. ಪುಸ್ತಕದಲ್ಲಿ ಓದಿದ್ದ ಅಯನಾಂಶ ಗೋಡೆಯ ಮೇಲೆ ಕಣ್ಣಿಗೆ ಕಂಡಿತು ಅಂತ ಅಪ್ಪ ಇವತ್ತಿಗೂ ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ನೀವು ಹೋಗುವುದೂ ಮೇ ಮೊದಲ ವಾರವೇ ಆದ್ದರಿಂದ ನಿಮಗೂ ಈ ವ್ಯತ್ಯಾಸ ಕಾಣುತ್ತದೆ. ಹೊರಗಿನ ಬಳೆಯಲ್ಲಿ ಹಳೇ ಅಕ್ಷರದಲ್ಲಿ 1ರಿಂದ 24ರವರೆಗೆ ಅಂಕಿಗಳಿವೆ. ಅದು ಹಳೇ ಬೊಹೀಮಿಯಾದ, ಅಂದರೆ ಪ್ರಾಗ್ ಇರುವ ಸೀಮೆಯ, ಗಂಟೆ, ಸೂರ್ಯ ಮುಳುಗಿದಾಗಿನಿಂದ ಎಣಿಸುವುದು. ನಾವು ಸೂರ್ಯೋದಯದಿಂದ ಘಳಿಗೆ ಎಣಿಸುತ್ತಿದ್ದೆವಲ್ಲ, ಅದಕ್ಕೆ ತಿರುವು ಮುರುವು.

ಕೆಳಗಿನ ಚಕ್ರದಲ್ಲಿ ಹನ್ನೆರಡು ತಿಂಗಳ ಬೇಸಾಯದ ಚಿತ್ರಗಳಿವೆ. ಅಮ್ಮನಿಗೆ ಅದು ಇಷ್ಟವಾಯಿತು. ಟೌನ್ ಹಾಲ್ ಗೋಪುರಕ್ಕೆ ಲಿಫ್ಟ್ ಇದೆ. ಮಂಡಿ ನೋವಿದ್ದವರೂ ಮೇಲಿಂದ ಊರಿನ ಕೆಂಪು ಹೆಂಚುಗಳನ್ನು ನೋಡಬಹುದು. ಕೆಳಗೆ ಗೋಪುರದ ಪಕ್ಕದ ನೆಲದಲ್ಲಿ 27 ಬಿಳಿ ಶಿಲುಬೆಗಳಿವೆ. ಜನ ತುಳಿದುಕೊಂಡೇ ಹೋಗುತ್ತಾರೆ. 1621ರಲ್ಲಿ ದೊರೆಯ ವಿರುದ್ಧ ನಿಂತ 27 ಜನರಿಗೆ ಮರಣದಂಡನೆ ಆದ ಜಾಗ ಅದು. ದಯವಿಟ್ಟು ನೆಲ ನೋಡಿಕೊಂಡು ನಡೆಯಿರಿ.

ಆ ದಂಗೆ ಶುರುವಾದ ಜಾಗ ಎರಡನೇ ದಿನ ನೋಡಲು ಸಿಗುತ್ತದೆ, ಗುಡ್ಡದ ಮೇಲಿನ ಅರಮನೆಯಲ್ಲಿ. ಕೆಳಗಿನಿಂದ ಮೆಟ್ಟಿಲು ಹತ್ತಿಸಬೇಡಿ. 22ನೇ ನಂಬರ್ ಟ್ರಾಮ್ ಹಿಡಿದು ಪೊಹೊರ್ಜೆಲೆಟ್ಸ್ ಸ್ಟಾಪಿನಲ್ಲಿ ಇಳಿಯಿರಿ. ಅಲ್ಲಿಂದ ಅರಮನೆವರೆಗೂ ಇಳಿಜಾರು. ಅಂಗಳಗಳಿಗೆ ಟಿಕೆಟ್ ಇಲ್ಲ, ಒಳಗಿನ ಕಟ್ಟಡಗಳಿಗೆ ಇದೆ. ಬಾಗಿಲಲ್ಲಿ ಬ್ಯಾಗ್ ತಪಾಸಣೆ ಇರುತ್ತದೆ. ಸೇಂಟ್ ವಿಟಸ್ ಚರ್ಚು ಶುರುವಾಗಿದ್ದು 1344ರಲ್ಲಿ, ಮುಗಿದಿದ್ದು 1929ರಲ್ಲಿ. ನಡುವೆ ಯುದ್ಧ, ಬೆಂಕಿ, ದುಡ್ಡಿಲ್ಲದೆ ಕೆಲಸ ನಿಂತ ಕಾಲ ಎಲ್ಲ ಬಂದು ಹೋಗಿ ಸುಮಾರು ಆರು ನೂರು ವರ್ಷ ಹಿಡಿಯಿತು. ಒಳಗೆ ಎಡಗಡೆ ಚೆಕ್ ಕಲಾವಿದ ಅಲ್ಫೋನ್ಸ್ ಮುಖಾ ರೂಪಿಸಿದ ಬಣ್ಣದ ಗಾಜಿನ ಕಿಟಕಿ ಇದೆ. ಬಿಸಿಲು ಬಂದಾಗ ನೋಡಿದರೆ ಕಣ್ಣು ಕೀಳಲಾಗುವುದಿಲ್ಲ. ಇದರ ಗೋಪುರಕ್ಕೆ ಲಿಫ್ಟ್ ಇಲ್ಲ, 280ಕ್ಕೂ ಜಾಸ್ತಿ ಮೆಟ್ಟಿಲು. ಅಪ್ಪ ಅಮ್ಮನಿಗೆ ಬೇಡ.

ಹಳೇ ರಾಜನಿವಾಸ ಮಾತ್ರ ಬಿಡಬೇಡಿ. ಅಲ್ಲಿನ ವ್ಲಾಡಿಸ್ಲಾವ್ ಸಭಾಂಗಣ ಎಷ್ಟು ದೊಡ್ಡದೆಂದರೆ ಕುದುರೆ ಮೇಲೆ ಕೂತೇ ಒಳಗೆ ಬಂದು ಭರ್ಜಿ ಆಟ ಆಡುತ್ತಿದ್ದರು. ಕುದುರೆ ಹತ್ತಲೆಂದೇ ಅಗಲವಾದ, ಎತ್ತರ ಕಮ್ಮಿಯಿರುವ ಮೆಟ್ಟಿಲು ಕಟ್ಟಿದ್ದಾರೆ. ಪಕ್ಕದ ಕೋಣೆಯ ಕಿಟಕಿಯಿಂದ 1618ರಲ್ಲಿ ಮೂವರು ಅಧಿಕಾರಿಗಳನ್ನು ಹೊರಗೆ ಎಸೆದರು. ಮೂವರೂ ಬದುಕಿದರು. ಆದರೆ ಆ ಜಗಳ ಬೆಳೆದು ಯುರೋಪಿನಲ್ಲಿ ಮೂವತ್ತು ವರ್ಷ ಯುದ್ಧ ನಡೆಯಿತು. ಕಿಟಕಿ ನೋಡಲು ಬಹಳ ಸಾಧಾರಣ. ಇಷ್ಟು ಚಿಕ್ಕ ಕಿಟಕಿಯಾ ಅನ್ನಿಸುತ್ತದೆ.

ಮೂರನೇ ದಿನ ಶನಿವಾರ ಆಗದಿದ್ದರೆ ಹಳೇ ಯಹೂದಿ ಪೇಟೆ ಯೋಸೆಫೊವ್‌ಗೆ ಹೋಗಿ. ಅಲ್ಲಿನ ಪ್ರಾರ್ಥನಾ ಮಂದಿರಗಳು ಶನಿವಾರ ಮುಚ್ಚಿರುತ್ತವೆ. ಪಿಂಕಾಸ್ ಎಂಬ ಪ್ರಾರ್ಥನಾ ಮಂದಿರದ ಒಳಗೋಡೆಗಳ ಮೇಲೆ ಹೆಸರುಗಳನ್ನು ಬರೆದಿದ್ದಾರೆ. ನಾಜಿಗಳು ಕೊಂದ ಬೊಹೀಮಿಯಾ ಮತ್ತು ಪಕ್ಕದ ಸೀಮೆ ಮೊರೇವಿಯಾದ ಯಹೂದಿಗಳ ಹೆಸರು, ಸುಮಾರು 78,000. ದೂರದಿಂದ ಗೋಡೆಗೆ ಬೂದು ಬಣ್ಣ ಬಳಿದ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಒಂದೊಂದೂ ಹೆಸರು, ಹುಟ್ಟಿದ ದಿನ. ಮೇಲಿನ ಮಹಡಿಯಲ್ಲಿ ನಾಜಿಗಳ ಟೆರೆಜಿನ್ ಬಂಧನ ಶಿಬಿರದಲ್ಲಿದ್ದ ಮಕ್ಕಳು ಬರೆದ ಚಿತ್ರಗಳಿವೆ. ಮನೆ, ಹೂವು, ಚಿಟ್ಟೆ. ನಮ್ಮ ಅಮ್ಮ ಅಲ್ಲಿಂದ ಹೊರಗೆ ಬಂದು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಇದನ್ನು ನೋಡಿದ ದಿನ ಬೇರೆ ದೊಡ್ಡ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ.

ಸಂಜೆಗೆ ವಿಶೆಹ್ರಾಡ್ ಒಳ್ಳೇದು. ಮೆಟ್ರೋದಲ್ಲಿ ಹತ್ತು ನಿಮಿಷ. ನದಿಯ ಮೇಲಿರುವ ಹಳೇ ಕೋಟೆ, ಪ್ರವಾಸಿಗರು ಕಮ್ಮಿ, ಕೂರಲು ಬೆಂಚು, ಮರದ ನೆರಳು. ಅಲ್ಲಿನ ಸ್ಮಶಾನ ಒಂದು ಹೂದೋಟದ ಹಾಗಿದೆ. ಸಂಗೀತಗಾರ ದ್ವೊರ್ಝಾಕ್ ಸಮಾಧಿ ಅಲ್ಲೇ. ಲೇಖಕ ಕಾರೆಲ್ ಚಾಪೆಕ್ ಸಮಾಧಿಯೂ ಅಲ್ಲೇ. ನಾವು ದಿನಾ ಬಳಸುವ ರೋಬೋಟ್ ಅನ್ನೋ ಪದ ಬಂದಿದ್ದು 1920ರ ಅವರ ನಾಟಕದಿಂದ. ಮೇ ತಿಂಗಳಲ್ಲಿ ಎಂಟೂವರೆವರೆಗೂ ಬೆಳಕಿರುತ್ತದೆ, ಆತುರ ಬೇಡ.

ಊಟದ ವಿಷಯ. ಭಾರತೀಯ ಹೋಟೆಲುಗಳು ಬೇಕಾದಷ್ಟಿವೆ. ಆದರೂ ಅಲ್ಲಿನದೂ ಒಂದೆರಡು ತಿಂದು ನೋಡಿ. ಸ್ಮಾಝೆನಿ ಸಿರ್ ಅಂದರೆ ಚೀಸ್ ತುಂಡನ್ನು ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದದ್ದು, ಜೊತೆಗೆ ಆಲೂಗಡ್ಡೆ. ಹಣ್ಣಿನ ಕ್ನೆಡ್ಲಿಕಿ ಅಂತ ಸಿಗುತ್ತದೆ. ಹಿಟ್ಟಿನ ಉಂಡೆಯೊಳಗೆ ಏಪ್ರಿಕಾಟ್ ಅಥವಾ ಸ್ಟ್ರಾಬೆರಿ ಇಟ್ಟು ಬೇಯಿಸಿ, ಮೇಲೆ ಬೆಣ್ಣೆ ಸಕ್ಕರೆ ಹಾಕಿ ಕೊಡುತ್ತಾರೆ. ನಮ್ಮ ಸಿಹಿ ಕಡುಬಿನ ದೂರದ ನೆಂಟ. ಇವುಗಳಲ್ಲಿ ಮೊಟ್ಟೆ ಇರುತ್ತದೆ, ತಿನ್ನದವರು ಕೇಳಿಕೊಳ್ಳಬೇಕು. ಸೂಪ್ ತರಕಾರಿಯದೇ ಆದರೂ ಮಾಂಸದ ರಸದಲ್ಲಿ ಮಾಡಿರಬಹುದು. "ಬೆಸ್ ಮಸಾ" ಅಂದರೆ ಮಾಂಸ ಇಲ್ಲದ್ದು, ಈ ಎರಡು ಪದ ಕಲಿತಿರಿ. ಬೀದಿಯಲ್ಲಿ ಕೆಂಡದ ಮೇಲೆ ತಿರುಗಿಸುತ್ತಾ ಮಾಡುವ ಟ್ರಡೆಲ್ನಿಕ್ ಪ್ರಾಗ್‌ನ ಹಳೇ ತಿಂಡಿ ಏನಲ್ಲ, ಇತ್ತೀಚೆಗೆ ಪ್ರವಾಸಿಗರಿಗಾಗಿ ಬಂದದ್ದು. ಆಸೆಯಾದರೆ ಒಂದು ತಿನ್ನಿ. ನಲ್ಲಿ ನೀರು ಕುಡಿಯಬಹುದು, ಬಾಟಲಿ ತುಂಬಿಸಿಕೊಳ್ಳಿ.

ದುಡ್ಡು ಯೂರೋ ಅಲ್ಲ, ಕೊರುನಾ. ಹೋದ ಮೊದಲ ವಾರ ಹಳೆಪೇಟೆಯ ಒಂದು ಅಂಗಡಿಯಲ್ಲಿ ಕಮಿಷನ್ ಇಲ್ಲ ಅನ್ನೋ ಬೋರ್ಡ್ ನೋಡಿ ಯೂರೋ ಬದಲಾಯಿಸಿದೆ. ಬೋರ್ಡಿನಲ್ಲಿ ದೊಡ್ಡದಾಗಿ ಇದ್ದದ್ದು ಅವರು ಮಾರುವ ದರ, ಕೊಳ್ಳುವ ದರ ಅಲ್ಲ. ಐದರಲ್ಲಿ ಒಂದು ಪಾಲು ಹೋಯಿತು, ಬಹಳ ಬೇಜಾರಾಯಿತು. ಕೊಡುವ ಮುಂಚೆ "ನನ್ನ ಕೈಗೆ ಎಷ್ಟು ಬರುತ್ತದೆ" ಅಂತ ಬರೆಸಿಕೊಂಡು ನೋಡಿ. ಬಹಳ ಕಡೆ ಕಾರ್ಡ್ ನಡೆಯುತ್ತದೆ. ಎಟಿಎಂ "ರೂಪಾಯಿ ಲೆಕ್ಕದಲ್ಲಿ ಹಿಡಿಯಲಾ" ಅಂದರೆ ಬೇಡ ಅನ್ನಿ. ಟ್ರಾಮ್, ಮೆಟ್ರೋ, ಬಸ್ಸಿಗೆ ಒಂದೇ ಟಿಕೆಟ್. ಕಾಗದದ ಟಿಕೆಟ್ ಆದರೆ ಹಳದಿ ಪೆಟ್ಟಿಗೆಯಲ್ಲಿ ಸೀಲ್ ಹೊಡೆಸಲೇಬೇಕು. ಕೊಂಡಿದ್ದೇನೆ ಅಂದರೆ ಸಾಲದು, ದಂಡ ಬೀಳುತ್ತದೆ. ಚಪ್ಪಲಿ ಬೇಡ, ಶೂ ಹಾಕಿಸಿ. ಊರಿಡೀ ಪುಟ್ಟ ಕಲ್ಲು ಹಾಸಿದ ರಸ್ತೆ.

ನಿಮ್ಮ ಅಪ್ಪ ಬೈಕ್ ಓಡಿಸಿದವರಾ? ಹಾಗಿದ್ದರೆ ಎರಡನೇ ದಿನ ಮಧ್ಯಾಹ್ನ ಲೆಟ್ನಾ ಗುಡ್ಡದ ಮೇಲಿನ ರಾಷ್ಟ್ರೀಯ ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ. ಸೋಮವಾರ ರಜೆ. ದೊಡ್ಡ ಹಾಲಿನಲ್ಲಿ ರೈಲು ಎಂಜಿನ್, ಹಳೇ ಕಾರು, ಸೂರಿನಿಂದ ನೇತುಹಾಕಿದ ವಿಮಾನ, ಜೊತೆಗೆ ಚೆಕ್ ಬೈಕುಗಳು. ಜಾವಾ ಕಂಪನಿ 1929ರಲ್ಲಿ ಶುರುವಾಗಿದ್ದು ಈ ಊರಿನಲ್ಲೇ. ಯಾನೆಚೆಕ್ ಎಂಬ ಮಾಲೀಕರ ಹೆಸರಿನ ಎರಡಕ್ಷರ, ಅವರು ಲೈಸೆನ್ಸ್ ಕೊಂಡ ವಾಂಡರರ್ ಬೈಕಿನ ಎರಡಕ್ಷರ ಸೇರಿ ಆ ಹೆಸರು. ಅದೇ ಬೈಕು 1960ರ ದಶಕದಲ್ಲಿ ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗತೊಡಗಿತು, ಆಮೇಲೆ ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು.

ನಮ್ಮ ಅಪ್ಪ ಒಂದು ಕೆಂಪು ಬೈಕಿನ ಟ್ಯಾಂಕ್ ಮುಂದೆ ನಿಂತು "ಜಾವಾ" ಅಂದರು. ಅಲ್ಲಿದ್ದ ವಯಸ್ಸಾದ ಕಾವಲುಗಾರ ತಲೆ ಅಲ್ಲಾಡಿಸಿ "ಯಾವಾ" ಅಂದರು, ಅವರ ಭಾಷೆಯಲ್ಲಿ ಹಾಗೇ ಹೇಳೋದು. ಅಪ್ಪ ಫೋನ್ ತೆಗೆದು ಮನೆ ಮುಂದೆ ನಿಂತ ತಮ್ಮ ಗಾಡಿಯ ಫೋಟೋ ತೋರಿಸಿದರು. ಕಿಕ್ಕರ್ ಅನ್ನೇ ಮುಂದಕ್ಕೆ ತಿರುಗಿಸಿ ಗೇರ್ ಮಾಡಿಕೊಳ್ಳುವುದನ್ನು ಕೈಸನ್ನೆಯಲ್ಲಿ ಮಾಡಿದರು. ಆ ಕಾವಲುಗಾರರೂ ಅದೇ ಸನ್ನೆ ಮಾಡಿದರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಅರ್ಧ ಗಂಟೆ ಅಲ್ಲೇ ನಿಂತಿದ್ದರು. ಅಮ್ಮ ನಾನು ಹೊರಗೆ ಬಂದು ಲೆಟ್ನಾ ತೋಟದ ಅಂಚಿನಲ್ಲಿ ಕೂತೆವು. ಕೆಳಗೆ ವ್ಲತಾವಾ ನದಿ, ಒಂದರ ಹಿಂದೆ ಒಂದು ಸೇತುವೆಗಳು.