ಎಸ್‌ಎಸ್‌ಎಲ್‌ಸಿ ಆದ ಮೇಲೂ ಎಲ್ಲರಿಗೂ ಗಣಿತ ಕಡ್ಡಾಯ ಇರಬೇಕಾ?

ವಿಜ್ಞಾನದವರು ಪಿಯುಸಿಯಲ್ಲಿ ಓದುವ ಗಣಿತವನ್ನೇ ಎಲ್ಲರಿಗೂ ಕಡ್ಡಾಯ ಮಾಡುವುದಾದರೆ, ಬೇಡ. ಇತಿಹಾಸ ಓದಲು ಬಂದವರ ಮೇಲೆ ಕ್ಯಾಲ್ಕುಲಸ್ ಹೇರಿದರೆ ಸುಮ್ನೆ ಬಾಯಿಪಾಠ ಮಾಡಿ ಪಾಸಾಗುತ್ತಾರೆ, ಅಷ್ಟೇ.

ಹಾಗಂತ ಲೆಕ್ಕವನ್ನೇ ಬಿಡುವುದೂ ಸರಿಯಲ್ಲ. 3 ವರ್ಷಕ್ಕೆ 1 ಲಕ್ಷ ಸಾಲ, ಬಡ್ಡಿ ವರ್ಷಕ್ಕೆ ಶೇ 10 ಅಂದುಕೊಳ್ಳಿ. 'ಫ್ಲ್ಯಾಟ್' ದರವಾದರೆ, ಅಂದರೆ ಕೊನೆವರೆಗೂ ಪೂರ್ತಿ 1 ಲಕ್ಷಕ್ಕೇ ಬಡ್ಡಿ ಹಾಕಿದರೆ, ಒಟ್ಟು ಬಡ್ಡಿ 30,000 ರೂಪಾಯಿ. ಪ್ರತಿ ತಿಂಗಳು ಕಂತು ಕಟ್ಟಿದ ಮೇಲೆ ಉಳಿಯುವ ಅಸಲಿಗಷ್ಟೇ ಬಡ್ಡಿ ಹಾಕಿದರೆ ಸುಮಾರು 16,000. ಹೇಳುವ ದರ ಒಂದೇ, ಕಟ್ಟುವ ಬಡ್ಡಿ ಹೆಚ್ಚುಕಮ್ಮಿ ದುಪ್ಪಟ್ಟು! ಮೊದಲ ಬೈಕ್ ಸಾಲ ಮಾಡುವ ವಯಸ್ಸಿಗೆ ಇದು ಗೊತ್ತಿರಬೇಕು ಅಲ್ವಾ?

ಕಾಮರ್ಸ್‌ನವರಿಗೆ 'ಬೇಸಿಕ್ ಮ್ಯಾಥ್ಸ್' ಆಯ್ಕೆ ಈಗಾಗಲೇ ಇದೆ. ಸಿಬಿಎಸ್‌ಇಯಲ್ಲಿ 'ಅಪ್ಲೈಡ್ ಮ್ಯಾಥ್ಸ್' ಇದೆ. ಅಂಥದ್ದನ್ನು ಇನ್ನೂ ಹಗುರ ಮಾಡಿ, ಕಲಾ ವಿಭಾಗದವರಿಗೂ ಕೊಡಲಿ. ಆದರೆ ಅದರಲ್ಲಿ ಫೇಲ್ ಮಾಡಬಾರದು.