ಲೋಟ ಸುಮ್ನೆ ಇದ್ದಾಗ ಎಷ್ಟಿತ್ತು?

ನಮಸ್ಕಾರ,

ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ 4ನೇ ಪಿನ್ನಿನಿಂದ ಸ್ಟೀಲ್ ಲೋಟಕ್ಕೆ ಒಂದು ವೈರ್ ಎಳೆದು, ಲೋಟ ಮುಟ್ಟಿದರೆ ಎಲ್‌ಇಡಿ ಹತ್ತುವ ಹಾಗೆ ಮಾಡಿದ್ದೀರಿ. ಮನೆಯಲ್ಲೇ ಇರುವ ಲೋಟವನ್ನು ಆರಿಸಿಕೊಂಡದ್ದು ನನಗೆ ತುಂಬಾ ಇಷ್ಟವಾಯಿತು. ಆದರೆ ಲೇಖನವನ್ನು ಈಗಿರುವ ಹಾಗೇ ಹಾಕಲು ಆಗುವುದಿಲ್ಲ.

‘ಬೆರಳಿನ ಬಿಸಿಯನ್ನು ಪಿನ್ ಗುರುತಿಸುತ್ತದೆ’ ಎಂದು ಬರೆದಿದ್ದೀರಿ. ಅದು ತಪ್ಪು. ಲೋಟ ಇಲ್ಲಿ ಕೆಪಾಸಿಟರಿನ, ಅಂದರೆ ಎರಡು ತಟ್ಟೆಗಳ ನಡುವೆ ವಿದ್ಯುತ್ ತುಂಬಿಡುವ ಸಾಧನದ, ಒಂದು ತಟ್ಟೆ. ನಮ್ಮ ಮೈತುಂಬ ವಿದ್ಯುತ್ ಹರಿಯುವ ಉಪ್ಪುನೀರು ಇರುವುದರಿಂದ ಹತ್ತಿರ ಬಂದ ಬೆರಳೇ ಇನ್ನೊಂದು ತಟ್ಟೆ. ಬೆರಳು ಬಂದಾಗ ಕೆಪಾಸಿಟೆನ್ಸ್, ಅಂದರೆ ವಿದ್ಯುತ್ ಹಿಡಿದಿಡುವ ಶಕ್ತಿ, ಜಾಸ್ತಿಯಾಗುತ್ತದೆ. ಆಗ ಕೆಪಾಸಿಟರ್ ತುಂಬಿ ಖಾಲಿಯಾಗಲು ಹೆಚ್ಚು ಹೊತ್ತು ಬೇಕು. ಗೊತ್ತಾದ ಸಮಯದಲ್ಲಿ ಎಷ್ಟು ಸಲ ತುಂಬಿ ಖಾಲಿಯಾಯಿತು ಎಂದು ಚಿಪ್ ಎಣಿಸುತ್ತದೆ. ಅದಕ್ಕೇ ಮುಟ್ಟಿದಾಗ ಎಣಿಕೆ ಇಳಿಯುವುದು. ಲೋಟಕ್ಕೆ ತೆಳುವಾದ ಪ್ಲಾಸ್ಟಿಕ್ ಹಾಳೆ ಸುತ್ತಿ ಮುಟ್ಟಿ ನೋಡಿ, ಆಗಲೂ ಇಳಿಯುತ್ತದೆ. ಓದುವವರಿಗೂ ಇದನ್ನು ಮಾಡಿಸಿ.

ಇನ್ನು ಆ 30. ‘ಎಣಿಕೆ 30ಕ್ಕಿಂತ ಕಡಿಮೆಯಾದರೆ ದೀಪ ಹತ್ತಿಸು’ ಅಂತೀರಿ. ಈ 30 ಎಲ್ಲಿಂದ ಬಂತು? ನಾನೂ ನನ್ನ ಮೇಜಿನ ಮೇಲೆ ಜೋಡಿಸಿ ನೋಡಿದೆ. ಬರೀ ವೈರ್ ಇದ್ದಾಗ 70ರ ಆಸುಪಾಸು. ಲೋಟ ಕಟ್ಟಿದೆ, 40ಕ್ಕೆ ಬಂತು. ಬೆರಳಿಟ್ಟೆ, 12. ಲೋಟದ ಬದಲು ದೊಡ್ಡ ತಂಬಿಗೆ ಇಟ್ಟೆ, ಯಾರೂ ಮುಟ್ಟದೆಯೇ 27! ನಿಮ್ಮ ಕೋಡ್ ನಂಬಿದವರ ಮನೆಯಲ್ಲಿ ದೀಪ ಆರುವುದೇ ಇಲ್ಲ, ಅಲ್ವಾ? ಶುರುವಿನಲ್ಲೇ, ಯಾರೂ ಮುಟ್ಟದೆ ಲೋಟ ಸುಮ್ನೆ ಇದ್ದಾಗ, ಎಣಿಕೆಯನ್ನು ಇಪ್ಪತ್ತು ಸಲ ಓದಿಸಿ, ಸರಾಸರಿ ತೆಗೆದು, ಅದರ ಮೂರರಲ್ಲಿ ಎರಡು ಪಾಲನ್ನು ಗಡಿ ಮಾಡಿ. ಬೋರ್ಡ್ ಯಾವುದು ಎಂದೂ ಸರಿಯಾಗಿ ಹೇಳಿ. ಇದೇ ಬಳಗದ ಇಎಸ್‌ಪಿ32-ಎಸ್3 ಚಿಪ್ಪಿನಲ್ಲಿ ಮುಟ್ಟಿದಾಗ ಎಣಿಕೆ ಏರುತ್ತದೆ, ಅಲ್ಲಿ ನಿಮ್ಮ ಷರತ್ತು ಪೂರಾ ಉಲ್ಟಾ.

ಕಡೆಯ ಪ್ಯಾರಾದಲ್ಲಿ ಒಂದು ಸಾಲು ಇದೆ: ‘ಅಮ್ಮ ಒದ್ದೆ ಬಟ್ಟೆಯಲ್ಲಿ ಟೇಬಲ್ ಒರೆಸಿದಾಗ ದೀಪ ತಾನಾಗೇ ಹತ್ತಿತು, ಯಾಕೋ ಗೊತ್ತಾಗಲಿಲ್ಲ.’ ಇಡೀ ಲೇಖನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. ಲೋಟದ ಬುಡಕ್ಕೆ ನೀರು ತಾಗಿದರೆ ತಟ್ಟೆ ಅಷ್ಟಗಲ ಹರಡಿದ ಹಾಗೆ. ಆ ಒದ್ದೆ ಜಾಗಕ್ಕೆ ಅಮ್ಮನ ಕೈ ಬಂದರೆ ಲೋಟ ಮುಟ್ಟಿದ ಹಾಗೇ ಲೆಕ್ಕ. ನೀವು ಅದನ್ನು ಕಣ್ಣಾರೆ ಕಂಡಿದ್ದೀರಿ. ಲೇಖನ ಅಲ್ಲಿಂದಲೇ ಶುರುವಾಗಲಿ. ‘ಇಂದಿನ ಯುಗ ತಂತ್ರಜ್ಞಾನದ ಯುಗ’ ಎನ್ನುವ ಮೊದಲ ಪ್ಯಾರಾ ಪೂರ್ತಿ ತೆಗೆದುಬಿಡಿ.

ಕಳಿಸುವ ಮುಂಚೆ ಇನ್ನೊಂದು ಕೆಲಸ ಇದೆ. ಒಮ್ಮೆ ಮೊಬೈಲ್ ಚಾರ್ಜರಿನಿಂದ, ಒಮ್ಮೆ ಪವರ್ ಬ್ಯಾಂಕಿನಿಂದ ಬೋರ್ಡ್ ನಡೆಸಿ. ಮುಟ್ಟಿದಾಗ, ಬಿಟ್ಟಾಗ ಬಂದ ನಾಲ್ಕೂ ಸಂಖ್ಯೆ ಬರೆದುಕೊಳ್ಳಿ. ಅವು ಬೇರೆ ಬೇರೆ ಬರುತ್ತವೆ. ಆ ನಾಲ್ಕು ಸಂಖ್ಯೆ ಇರುವ ಲೇಖನಕ್ಕೆ ಕಾಯುತ್ತಿರುತ್ತೇನೆ.