ಮ್ಯಾನ್ಮಾರ್‌ನಲ್ಲಿ ಕೊಲೆಯಾದವರಿಗೆ ಆನ್‌ಲೈನ್ ಸ್ಮಾರಕ ಮಾಡುವುದು ಹೇಗೆ?

2021ರ ಕ್ಷಿಪ್ರಕ್ರಾಂತಿಯ ನಂತರ ಮ್ಯಾನ್ಮಾರ್ ಸೇನೆ ಕೊಂದವರ ಹೆಸರು, ಫೋಟೊ ಸೇರಿಸಿ ಕಾಲೇಜಿನ ಕೆಲವರು ವೆಬ್‌ಸೈಟ್ ಮಾಡಬೇಕೆಂದಿದ್ದೇವೆ, ಎಲ್ಲಿಂದ ಶುರುಮಾಡಲಿ ಎಂದು ಕೇಳಿದ್ದೀರಿ.

ವೆಬ್‌ಸೈಟ್ ಕೊನೆಗಿರಲಿ, ಮೊದಲು ಪಟ್ಟಿ. ಕೊಲೆಗಳು ಇನ್ನೂ ನಿಂತಿಲ್ಲವಾದ್ದರಿಂದ ನಿಮ್ಮದು ಶ್ರದ್ಧಾಂಜಲಿಯೂ ಹೌದು, ದಾಖಲೆಯೂ ಹೌದು. ಒಂದು ತಪ್ಪು ಹೆಸರು ಸಿಕ್ಕರೆ ಸಾಕು, ಇಡೀ ಪಟ್ಟಿಯೇ ಸುಳ್ಳು ಅಂದುಬಿಡುತ್ತಾರೆ. 2021ರ ಮಾರ್ಚ್ 3ರಂದು ಮಂಡಲೆಯಲ್ಲಿ ಗುಂಡಿಗೆ ಬಲಿಯಾದ 19 ವರ್ಷದ ಚ್ಯಾಲ್ ಸಿನ್ ಸಮಾಧಿಯನ್ನೇ ಅಧಿಕಾರಿಗಳು ಅಗೆದರು, ಆ ಗುಂಡು ಪೊಲೀಸರದ್ದಲ್ಲ ಎಂದು ಸರ್ಕಾರಿ ಮಾಧ್ಯಮ ಹೇಳಿತು. ಇಂಥ ಮಾತಿಗೆ ಉತ್ತರವಾಗಿ ನಿಲ್ಲುವುದು ದಿನಾಂಕ, ಜಾಗ, ಮೂಲ ಸಮೇತ ಇಟ್ಟ ದಾಖಲೆ ಮಾತ್ರ.

ರಾಜಕೀಯ ಕೈದಿಗಳ ನೆರವು ಸಂಘ, ಅಂದರೆ ಎಎಪಿಪಿ, ಪರಿಶೀಲಿಸಿ ಪ್ರಕಟಿಸುವ ಪಟ್ಟಿಯಿಂದ ಶುರುಮಾಡಿ. ಅದರಲ್ಲಿ 6,000ಕ್ಕೂ ಹೆಚ್ಚು ಹೆಸರುಗಳಿವೆ. ಎಲ್ಲವನ್ನೂ ಒಮ್ಮೆಗೇ ಎತ್ತಿಕೊಳ್ಳಬೇಡಿ. ಒಂದು ಊರು ಅಥವಾ ಒಂದು ತಿಂಗಳು ಆರಿಸಿಕೊಳ್ಳಿ, ಒಬ್ಬೊಬ್ಬರಿಗೂ ಪರಸ್ಪರ ಸಂಬಂಧವಿಲ್ಲದ ಎರಡು ಮೂಲ ಹುಡುಕಿ. ಒಂದೇ ಫೇಸ್‌ಬುಕ್ ಪೋಸ್ಟನ್ನು ನಾಲ್ಕು ಸುದ್ದಿತಾಣಗಳು ಎತ್ತಿ ಹಾಕಿದ್ದರೆ ಅದು ಒಂದೇ ಮೂಲ.

ಹೆಚ್ಚು ಎಡವುವುದು ಹೆಸರುಗಳಲ್ಲಿ. ಬರ್ಮಿ ಹೆಸರಿಗೆ ಮನೆತನದ ಹೆಸರು ಇರುವುದಿಲ್ಲ. ಊ, ಡೋ, ಕೋ, ಮಾ, ಮೌಂಗ್ ಎಂಬ ಗೌರವಸೂಚಕಗಳು ಮುಂದೆ ಸೇರುತ್ತವೆ. ಒಬ್ಬನೇ ಹುಡುಗ ಒಂದು ಕಡೆ ಕೋ, ಇನ್ನೊಂದು ಕಡೆ ಮೌಂಗ್ ಆಗಿ ಎರಡು ಸಲ ಎಣಿಕೆಗೆ ಬಂದುಬಿಡುತ್ತಾನೆ. ಅದಕ್ಕೆ ಗೌರವಸೂಚಕಕ್ಕೇ ಬೇರೆ ಕಾಲಂ ಇಡಿ. ವಯಸ್ಸು, ಊರು, ಸಿಕ್ಕರೆ ತಂದೆಯ ಹೆಸರು ಕೂಡ ಬೇಕು. ಗಾಯವಾದ ದಿನ, ಸತ್ತ ದಿನ ಎರಡೂ ಬೇರೆ ಬೇರೆ ಕಾಲಂ. ಮ್ಯಾ ಥ್ವೆ ಥ್ವೆ ಖೈನ್‌ಗೆ ರಾಜಧಾನಿ ನೇಪಿಡಾದಲ್ಲಿ ಗುಂಡು ತಗುಲಿದ್ದು 2021ರ ಫೆಬ್ರವರಿ 9ಕ್ಕೆ, ಸತ್ತದ್ದು 19ಕ್ಕೆ. ಒಂದೇ ಕಾಲಂ ಇದ್ದರೆ ಇಬ್ಬರು ಎಂದು ಕಾಣುತ್ತದೆ. ಇನ್ನೊಂದು ತೊಡಕು ಅಕ್ಷರದ್ದು: ಹಳೆಯ ಪೋಸ್ಟ್‌ಗಳು ಝೋಜಿ ಫಾಂಟ್‌ನಲ್ಲಿರುತ್ತವೆ. ನಮ್ಮ ಹಳೆಯ ನುಡಿ ಫೈಲುಗಳ ಹಾಗೆಯೇ ಅವು ಯೂನಿಕೋಡ್ ಹುಡುಕಾಟಕ್ಕೆ ಸಿಗುವುದಿಲ್ಲ. ಗೂಗಲ್‌ನ ಮ್ಯಾನ್ಮಾರ್ ಟೂಲ್ಸ್ ಬಳಸಿ ಪರಿವರ್ತಿಸಿ, ಆಮೇಲೆ ಹೋಲಿಸಿ.

ಸಿಕ್ಕ ಫೋಟೊ, ವಿಡಿಯೊ ಅದೇ ದಿನ ಇಳಿಸಿಕೊಳ್ಳಿ. ಸಿರಿಯಾ ಯುದ್ಧದ ವಿಡಿಯೊಗಳನ್ನು 2017ರಲ್ಲಿ ಯೂಟ್ಯೂಬ್‌ನ ಯಂತ್ರವೇ ರಾಶಿಗಟ್ಟಲೆ ಅಳಿಸಿತ್ತು. ಮೂಲ ಫೈಲನ್ನು ಮುಟ್ಟದೆ, ಅದರ ಎಸ್‌ಎಚ್‌ಎ-256 ಹ್ಯಾಷ್ (ಫೈಲು ಬದಲಾದರೆ ತಾನೂ ಬದಲಾಗುವ, ಬೆರಳಚ್ಚಿನಂಥ ಸಂಕೇತ) ಬರೆದಿಟ್ಟು, ಎರಡು ಕಡೆ ಇಡಿ. ವೆಬ್‌ಸೈಟಿಗೆ ಹೋಗುವುದು ಬೇರೆ ಪ್ರತಿ: ಅದರಲ್ಲಿ ಜಿಪಿಎಸ್ ಮಾಹಿತಿ ತೆಗೆದಿರಬೇಕು, ಅಂತ್ಯಕ್ರಿಯೆಗೆ ಬಂದವರ ಮುಖ ಕಪ್ಪು ಚೌಕದಿಂದ ಪೂರ್ತಿ ಮುಚ್ಚಿರಬೇಕು. ತೆಳುವಾಗಿ ಮಸುಕು ಮಾಡಿದರೆ ಸಾಲದು. 2021ರ ಮಾರ್ಚ್ 28ರಂದು ಬಾಗೋದಲ್ಲಿ ಅಂತ್ಯಕ್ರಿಯೆಯ ಮೇಲೇ ಗುಂಡು ಹಾರಿಸಿದ್ದರು. ಫೇಸ್‌ಬುಕ್ ಪೋಸ್ಟಿಗಾಗಿ ದಂಡಸಂಹಿತೆಯ 505ಎ ಕಲಮಿನಡಿ ಜೈಲಿಗೆ ಹಾಕುವ ದೇಶವದು. ಕುಟುಂಬದವರ ಹೆಸರು, ಮನೆಯಿರುವ ಬೀದಿ ಸೈಟಿನಲ್ಲಿ ಯಾವತ್ತೂ ಹಾಕಬೇಡಿ. ಕುಟುಂಬ ಬೇಡ ಎಂದರೆ ಕಾರಣ ಕೇಳದೆ ಅವತ್ತೇ ತೆಗೆಯಿರಿ.

ತೆಗೆದದ್ದು ನಿಜವಾಗಿ ಹೋಯಿತೇ ಎಂದೂ ನೋಡಿ. ಗೂಗಲ್ ಶೀಟ್‌ನಲ್ಲಿ ಅಳಿಸಿದ ಹೆಸರು ಹಳೆಯ ಆವೃತ್ತಿಗಳಲ್ಲಿ ಉಳಿದಿರುತ್ತದೆ. ತಿದ್ದುವ ಅನುಮತಿ ಇರುವ ಯಾರಿಗಾದರೂ ಸಿಗುತ್ತದೆ. ಗಿಟ್‌ಹಬ್ ತಾಣದಲ್ಲಿ ಸಾರ್ವಜನಿಕವಾಗಿಟ್ಟ ಫೈಲುಗಳದ್ದೂ ಇದೇ ಪಾಡು, ಅಲ್ಲಿ ಹಳೆಯ ಆವೃತ್ತಿ ಯಾರಿಗೆ ಬೇಕಾದರೂ ಸಿಗುತ್ತದೆ. ತಂದೆಯ ಹೆಸರಿನಂಥ ಸೂಕ್ಷ್ಮ ಕಾಲಂಗಳು ಮೊದಲಿನಿಂದಲೂ ಬೇರೆ ಫೈಲಿನಲ್ಲಿ, ಇಬ್ಬರ ಕೈಯಲ್ಲಿ ಮಾತ್ರ ಇರಲಿ.

ಸೈಟ್ ಸರಳ ಎಚ್‌ಟಿಎಂಎಲ್ ಆಗಿರಲಿ, ಒಂದೊಂದು ಚಿತ್ರ 50 ಕೆಬಿ ದಾಟದಿರಲಿ; ಅಲ್ಲಿನವರು ವಿಪಿಎನ್ ಮೂಲಕ, ನಿಧಾನದ ನೆಟ್‌ನಲ್ಲಿ ತೆರೆಯುತ್ತಾರೆ. ಕಮೆಂಟ್ ಬೇಡ. ಒತ್ತಿದರೆ ಹೊತ್ತಿಕೊಳ್ಳುವ ಮೇಣದಬತ್ತಿಯೂ ಬೇಡ ಎನ್ನುವುದು ನನ್ನ ಅಭಿಪ್ರಾಯ: ಒತ್ತಿದವರು ಕೆಲಸ ಮುಗಿಯಿತು ಅಂದುಕೊಂಡು ಹೊರಟುಬಿಡುತ್ತಾರೆ.

ಪ್ರತ್ಯಕ್ಷದರ್ಶಿಗಳು ಸಿಕ್ಕರೆ ನೀವೇ ಕೂತು ಹೇಳಿಕೆ ಪಡೆಯಬೇಡಿ. ಹೇಳಿಕೆ ಎರಡು ಮೂರಾದಾಗ ಸಣ್ಣಪುಟ್ಟ ವ್ಯತ್ಯಾಸ ಬಂದೇ ಬರುತ್ತದೆ, ನ್ಯಾಯಾಲಯದಲ್ಲಿ ಅದನ್ನೇ ಹಿಡಿದು ಎಳೆಯುತ್ತಾರೆ. ಹೇಳುವವರಿಗೂ ಮತ್ತೆ ಮತ್ತೆ ಅದೇ ನೋವು. ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿ 2018ರಲ್ಲಿ ಮ್ಯಾನ್ಮಾರ್‌ಗೆಂದೇ ರಚಿಸಿದ ಸ್ವತಂತ್ರ ತನಿಖಾ ವ್ಯವಸ್ಥೆಯನ್ನು ಸಂಪರ್ಕಿಸುವ ದಾರಿ ಅವರಿಗೆ ತೋರಿಸಿ.

ಕರ್ನಾಟಕದಲ್ಲಿ ಕೂತು ಕೇಳಬಹುದಾದ ಪ್ರಶ್ನೆಯೂ ಒಂದಿದೆ. 2023ರ ಮೇ ತಿಂಗಳ ವಿಶ್ವಸಂಸ್ಥೆ ವರದಿಯಲ್ಲಿ ವಿಶೇಷ ವರದಿಗಾರ ಟಾಮ್ ಆಂಡ್ರ್ಯೂಸ್, ಕ್ಷಿಪ್ರಕ್ರಾಂತಿಯ ನಂತರ ಭಾರತದಿಂದ ಆ ಸೇನೆಗೆ ಸುಮಾರು 5.1 ಕೋಟಿ ಡಾಲರ್‌ನ ಶಸ್ತ್ರಾಸ್ತ್ರ ಹಾಗೂ ಸಂಬಂಧಿಸಿದ ಸಾಮಗ್ರಿ ಹೋಗಿದೆ ಎಂದು ಬರೆದರು. ಪೂರೈಸಿದವರಲ್ಲಿ ಬೆಂಗಳೂರಿನ ಬಿಇಎಲ್ ಹೆಸರೂ ಇದೆ. ನಿಮ್ಮ ಸೈಟಿನ ಪ್ರತಿ ಪುಟದ ಕೆಳಗೆ, ಈ ಪೂರೈಕೆ ಈಗಲೂ ನಡೆದಿದೆಯೇ ಎಂದು ಸಂಸತ್ತಿನಲ್ಲಿ ಕೇಳಿ ಎಂದು ನಿಮ್ಮ ಸಂಸದರಿಗೆ ಬರೆದ ಒಂದು ಪುಟದ ಪತ್ರ ಕನ್ನಡದಲ್ಲೇ ಇರಲಿ. ಓದಿದವರು ಸಹಿ ಹಾಕಿ ಅಂಚೆಗೆ ಹಾಕುವಷ್ಟು ಸಿದ್ಧವಾಗಿರಲಿ.